ಬೀಳಗಿ ಅಕ್ಕ ಹತ್ತಿದ ತೊಟ್ಟಿಲು

ನಟ್ಟು ಸಡಿಲಾಗಬಹುದಿತ್ತು. ಬೆಲ್ಟು ಹರಿಯಬಹುದಿತ್ತು. ಕರೆಂಟು ಹೋಗಿ ತೊಟ್ಟಿಲು ತುತ್ತತುದಿಯಲ್ಲೇ ನಿಂತುಬಿಡಬಹುದಿತ್ತು. ನಮ್ಮ ಕಡೆ ಹೋದ ಕರೆಂಟು ಯಾವಾಗ ಬರುತ್ತದೆ ಎಂಬುದು ಲೈನ್‌ಮನ್ನನ ಹೆಂಡತಿಗೂ ಗೊತ್ತಿರುವುದಿಲ್ಲ. ಸೆರಗು ಗಾಲಿಗೆ ಸಿಗಬಹುದಿತ್ತು. ಪಕ್ಕದಲ್ಲಿ ತೂಗುತ್ತಿದ್ದ ದೊಡ್ಡ ದೋಣಿಯ ಕೀಲು ಕಳಚಿ ಅದು ಜನರ ಮೇಲೆ ಬೀಳಬಹುದಿತ್ತು. ಬಸುರಿ ಮಗಳು ನನ್ನ ಕಣ್ಣು ತಪ್ಪಿಸಿ ತಾನೇ ಹತ್ತಿ ಕುಳಿತುಬಿಡಬಹುದಿತ್ತು. ಝಟಕಾ ಹೊಡೆದು ಅಡ್ಡಗಂಬಿ ಅವಳ ಹೊಟ್ಟೆಗೆ ಒತ್ತಬಹುದಿತ್ತು. ಗರ್ಭದ ನೀರಚೀಲ ಒಡೆಯಬಹುದಿತ್ತು. ಆಂಬುಲೆನ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ಹಾರ್ನು ಹೊಡೆಯುತ್ತ ನಿಲ್ಲಬಹುದಿತ್ತು. ಟ್ರ್ಯಾಕ್ಟರಿನವನು ಹಾಡು ಹಚ್ಚಿಕೊಂಡಿದ್ದರಿಂದ ಅವನಿಗೆ ಅದು ಕೇಳದೇ ಹೋಗಬಹುದಿತ್ತು. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು ಕನ್ನಡಕ ತೆಗೆಯಬಹುದಿತ್ತು. ಡಾಕ್ಟರು ಮಾತಾಡುವ ಮೊದಲು ಕನ್ನಡಕ ತೆಗೆದರೆ ಎಲ್ಲ ಮುಗಿಯಿತೆಂದೇ ನನ್ನ ನಂಬಿಕೆ.

ನಾನು ವಿಮೆಯ ಕಚೇರಿಯಲ್ಲಿ ನೌಕರಿ ಮಾಡುವವಳು. ಬಾವಿಯ ಕಟ್ಟೆ, ಗೀಜರು, ಗಾಳಿಪಟದ ದಾರ, ಎಮ್ಮೆಯ ಬಾಲ, ಹೀಗೆ ಮನುಷ್ಯರ ಜೀವ ಹೋಗುವ ದಾರಿಗಳೆಲ್ಲ ನನ್ನ ಮೇಜಿನ ಮೇಲೆ ಹಾದೇ ಹೋಗುತ್ತವೆ. ಚಿಂತೆ ನನಗೆ ಹುಟ್ಟುಗುಣವೋ ನೌಕರಿಯಿಂದ ಬಂದದ್ದೋ ಎಂದು ಗಂಡ ಕೇಳುತ್ತಾರೆ. ಎರಡೂ ಇರಬೇಕು. ಲಿಫ್ಟಿನಲ್ಲಿ ನಾನು ಕಣ್ಣು ಮುಚ್ಚುತ್ತೇನೆ. ಬಸ್ಸಿನಲ್ಲಿ ಡ್ರೈವರನ ಪರವಾಗಿ ಬ್ರೇಕು ಒತ್ತುತ್ತ ಕೂಡುತ್ತೇನೆ. ಇಂಥವಳು ಜಮಖಂಡಿಯ ಎಕ್ಸಿಬಿಶನ್ನಿನ ತೊಟ್ಟಿಲು ಹತ್ತಿದ್ದಕ್ಕೆ ಕಾರಣ ಒಂದೇ ಒಂದು ಶಬ್ದ.

ನಮ್ಮ ಕಡೆ ಕೂಸು ಮಲಗಿಸುವುದಕ್ಕೂ ತೊಟ್ಟಿಲು ಅನ್ನುತ್ತಾರೆ, ಮೈದಾನದಲ್ಲಿ ದೀಪ ಹಚ್ಚಿಕೊಂಡು ಆಕಾಶದ ಎತ್ತರಕ್ಕೆ ತಿರುಗುವ ರಾಟೆಗೂ ತೊಟ್ಟಿಲು ಅನ್ನುತ್ತಾರೆ. ಯಾವ ತೊಟ್ಟಿಲು ಎಂದು ಯಾರೂ ಕೇಳುವುದಿಲ್ಲ, ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಆದರೆ ಮಗಳು ಆ ಶಬ್ದ ಆಡಿದ್ದು ಕುಬಸದ ದಿನ, ಅಂದರೆ ತನ್ನ ಸೀಮಂತದ ದಿನ.

ಮಗಳನ್ನು ಮುಧೋಳಕ್ಕೆ ಕೊಟ್ಟಿದ್ದೇವೆ. ಅಳಿಯ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ. ಚೊಚ್ಚಲ ಬಸುರಿ, ಏಳನೇ ತಿಂಗಳಲ್ಲಿ ನಮ್ಮೂರು ಬನಹಟ್ಟಿಗೆ ಕರೆತಂದು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕುಬಸ ಮಾಡಿದೆವು. ಓಣಿಯ ಹೆಂಗಸರು ಸುತ್ತ ಕುಳಿತು, ಹಾಡು ಮುಗಿದ ಮೇಲೆ ಎಂದಿನಂತೆ ಕೇಳಿದರು.

"ಏನ ಬಯಕಿ ಆಗೇತಿ ಹೇಳವಾ. ನಾಚಬ್ಯಾಡ."

ಅವಳು ತಲೆ ತಗ್ಗಿಸಿಕೊಂಡು, ನಗು ತಡೆದು, "ತೊಟ್ಟಿಲ" ಅಂದಳು.

ಹೆಂಗಸರೆಲ್ಲ ಹೋ ಎಂದು ನಕ್ಕರು. "ಏನ ಅವಸರ ಬೇ ನಿನಗ! ಎರಡ ತಿಂಗಳ ತಡಕೋ!" ಒಬ್ಬರು ಅವಳ ಗಲ್ಲ ಹಿಂಡಿದರು. ನಾನೊಬ್ಬಳು ನಗಲಿಲ್ಲ. ಅವಳು ಯಾವ ತೊಟ್ಟಿಲು ಅಂದಳೆಂಬುದು ನನಗೆ ಗೊತ್ತಿತ್ತು. ಜಮಖಂಡಿಯಲ್ಲಿ ಎಕ್ಸಿಬಿಶನ್ ಹಾಕಿದ್ದನ್ನು ಅವಳು ಬರುವಾಗಲೇ ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಸಣ್ಣವಳಿದ್ದಾಗಿನಿಂದ ಬೇಡಿದ್ದಳು, ಹತ್ತಗೊಟ್ಟಿರಲಿಲ್ಲ. ನಮ್ಮ ಮನೆಯ ಯಾವ ಹೆಣ್ಣುಮಗಳನ್ನೂ ನಾವು ತೊಟ್ಟಿಲು ಹತ್ತಗೊಟ್ಟವರಲ್ಲ.

ಅದಕ್ಕೆ ಕಾರಣ ಬೀಳಗಿ ಅಕ್ಕ. ಬೀಳಗಿಗೆ ಕೊಟ್ಟ, ನನ್ನ ಗಂಡನ ಹಿರಿಯ ಅಕ್ಕ. ಚೊಚ್ಚಲ ಬಸುರಿದ್ದಾಗ ಗಂಡನ ಜೊತೆ ಎಕ್ಸಿಬಿಶನ್ನಿಗೆ ಹೋಗಿ ತೊಟ್ಟಿಲು ಹತ್ತಿ ಇಳಿದರಂತೆ, ವಾರದೊಳಗೆ ಕೂಸು ಹೊಟ್ಟೆಯಲ್ಲೇ ಹೋಯಿತಂತೆ. ನಾನು ಸೊಸೆಯಾಗಿ ಈ ಮನೆಗೆ ಬಂದ ಮೊದಲ ತಿಂಗಳಲ್ಲೇ ನನ್ನ ಅತ್ತೆ ಇದನ್ನು ಹೇಳಿದ್ದರು. ನಾನು ಮಗಳಿಗೆ ಹೇಳಿದ್ದೆ. ಅಕ್ಕನಿಗೆ ಆಮೇಲೆ ಇಬ್ಬರು ಗಂಡುಮಕ್ಕಳಾದರು, ಬೆಳೆದರು, ಮದುವೆಯೂ ಆದರು. ಆದರೂ ಅವರು ಯಾರ ಚೊಚ್ಚಲ ಕುಬಸಕ್ಕೂ ಬರುವುದಿಲ್ಲ. ಸೀರೆ ಕಳಿಸುತ್ತಾರೆ. ಈ ಸಲವೂ ಸೀರೆ ಬಂದಿತ್ತು, ಅವರು ಬಂದಿರಲಿಲ್ಲ.

ಇನ್ನು ನನ್ನ ಅತ್ತೆಯವರ ವಿಷಯ. ಜೀವಮಾನವಿಡೀ ಮಗ್ಗದ ಸದ್ದಿನಲ್ಲಿ ಕಳೆದವರು, ಕಿವಿ ಮಂದ. ಅವತ್ತು ಅವರಿಗೆ ಕೇಳಿದ ಶಬ್ದ ಒಂದೇ, ತೊಟ್ಟಿಲು. ಮೊಮ್ಮಗಳ ಬಯಕೆ ತೀರಿಸಬೇಕು, ಇಲ್ಲದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತವೆ. ಇದು ಅವರ ಕಾನೂನು. ನಮಗ್ಯಾರಿಗೂ ಹೇಳದೆ ತಮ್ಮ ಬಟನ್ ಫೋನಿನಲ್ಲಿ ಬೀಳಗಿಗೆ ಫೋನು ಹಚ್ಚಿ, ಅಕ್ಕನ ಮನೆಯಲ್ಲಿದ್ದ ಮನೆತನದ ತೊಟ್ಟಿಲನ್ನು ಕೂಡಲೇ ತರಬೇಕೆಂದು ಅಪ್ಪಣೆ ಮಾಡಿದರು.

ಮರುದಿನ ಮಧ್ಯಾಹ್ನ ಗೂಡ್ಸ್ ಆಟೊ ಬಾಗಿಲ ಮುಂದೆ ನಿಂತಿತು. ಹಿಂದೆ ಹಗ್ಗ ಬಿಗಿದ ಕಟ್ಟಿಗೆಯ ತೊಟ್ಟಿಲು, ಕೆಂಪು ಹಳದಿ ಬಣ್ಣದ್ದು, ಅದರ ಕಾಲಿನ ಚೌಕಟ್ಟು ಬೇರೆ. ಮುಂದೆ ಡ್ರೈವರನ ಪಕ್ಕ ಬೀಳಗಿ ಅಕ್ಕ.

"ಅಕ್ಕಾರ, ಇದೇನ್ರಿ?" ಎಂದೆ. ಕೂಸು ಹುಟ್ಟುವ ಮೊದಲು ತೊಟ್ಟಿಲು ಮನೆಯೊಳಗೆ ಬರಬಾರದು. ಖಾಲಿ ತೊಟ್ಟಿಲು ತೂಗಲಂತೂ ಬಾರದು. ನಾನು ಇದನ್ನೆಲ್ಲ ನಂಬುವುದಿಲ್ಲ. ನಂಬದಿದ್ದರೂ ಹೆದರುತ್ತೇನೆ.

"ಅವ್ವ ತಾ ಅಂದ್ಲು, ತಂದೆ" ಎಂದರು ಅಕ್ಕ. "ಯಾಕ ಅಂತ ಕೇಳಿದ್ನೆವಾ. ಆಕಿಗೆ ಕೇಳ್ಸಲಿಲ್ಲ."

ಮಗಳು ಹೊರಗೆ ಬಂದು ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕು, ಅಜ್ಜಿಯ ಕಡೆ ತಿರುಗಿದಳು. "ಆಯಿ! ನಾ ಅಂದಿದ್ದು ಈ ತೊಟ್ಟಿಲ ಅಲ್ಲ ಬೇ! ಜಮಖಂಡ್ಯಾಗ ತಿರಗತೈತೆಲ್ಲ, ಅದು!"

ಅತ್ತೆಗೆ ಇದನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು. ತಿಳಿದ ಮೇಲೆ ಅವರು ಬೀಳಗಿ ಅಕ್ಕನ ಮುಖ ನೋಡಿದರು, ಮೊಮ್ಮಗಳ ಹೊಟ್ಟೆ ನೋಡಿದರು. ಅಕ್ಕ ಹಗ್ಗ ಬಿಚ್ಚುತ್ತಲೇ ಇದ್ದರು.

ಬಂದ ತೊಟ್ಟಿಲನ್ನು ತಿರುಗಿ ಕಳಿಸುವುದೂ ಅಪಶಕುನ ಎಂದು ತೀರ್ಮಾನವಾಗಿ ಅದನ್ನು ಒಳಗಿನ ಕೋಣೆಯಲ್ಲಿ ಇಟ್ಟೆವು. ನಮ್ಮ ಮನೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಎಡಕ್ಕೆ ಪವರ್‌ಲೂಮ್, ಬಲಕ್ಕೆ ಪವರ್‌ಲೂಮ್, ಹಿತ್ತಲ ಶೆಡ್ಡಿನಲ್ಲಿ ನಮ್ಮವೇ ನಾಲ್ಕು. ಗೂಡಿನ ಪಾತ್ರೆಗಳು ಸದಾ ಸಣ್ಣಗೆ ಮಾತಾಡುತ್ತಿರುತ್ತವೆ. ನೀರಿನ ಲೋಟದಲ್ಲಿ ಸುತ್ತುಗಳು ಏಳುತ್ತವೆ. ಹೀಗಾಗಿ ಒಳಕೋಣೆಯ ಆ ಖಾಲಿ ತೊಟ್ಟಿಲು, ಯಾರೂ ಮುಟ್ಟದೆ, ತನ್ನಷ್ಟಕ್ಕೆ ತಾನೇ ತೂಗತೊಡಗಿತು. ಜೋರಾಗಿ ಅಲ್ಲ. ನಿದ್ದೆ ಹೋದ ಕೂಸನ್ನು ಇನ್ನೂ ಸ್ವಲ್ಪ ಹೊತ್ತು ತೂಗುವಷ್ಟು.

ನಾನು ಅದನ್ನು ಬಾಗಿಲಲ್ಲಿ ನಿಂತು ನೋಡಿದೆ. ಮಗ್ಗದ ಅದುರುವಿಕೆ ಎಂದು ಬುದ್ಧಿಗೆ ಗೊತ್ತು. ಕಾಲು ಒಳಗೆ ಬರಲೊಲ್ಲವು. ಹಿಂದಿನಿಂದ ಬಂದ ಬೀಳಗಿ ಅಕ್ಕ ನನ್ನನ್ನು ಸರಿಸಿ ಒಳಗೆ ಹೋದರು. ಅಡುಗೆಮನೆಯ ಒಳಕಲ್ಲಿನ ಗುಂಡುಕಲ್ಲನ್ನು ತಂದು, ತಮ್ಮದೇ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ತೊಟ್ಟಿಲೊಳಗೆ ಮಲಗಿಸಿದರು. ತೊಟ್ಟಿಲು ಭಾರಕ್ಕೆ ನಿಂತಿತು.

"ಖಾಲಿ ಇರಬಾರ್ದು" ಅಂದರು, ಅಷ್ಟೇ. ಕಲ್ಲಿನ ತಲೆಯ ಕಡೆಗೆ ಬಟ್ಟೆಯನ್ನು ಸ್ವಲ್ಪ ಸರಿಸಿ, ಉಸಿರಾಡಲು ಜಾಗ ಬಿಟ್ಟಿದ್ದರು. ಹಾಗೆ ಬಿಟ್ಟದ್ದು ಅವರಿಗೇ ಗೊತ್ತಾಗಿರಲಿಲ್ಲ ಎನಿಸುತ್ತದೆ.

ಮಗಳ ಹಟ ಮಾತ್ರ ಇಳಿಯಲಿಲ್ಲ. ಹುಳಿ, ಕರದಂಟು, ಮಣ್ಣಿನ ವಾಸನೆ, ಏನು ಬೇಕಾದರೂ ಬಯಸು ತಾಯಿ ಎಂದೆ. ಅವಳು ಕಾನೂನು ಹಿಡಿದಳು. "ಬಯಕಿ ಅಂದ್ರ ಬಯಕಿ. ಐದ ಮಂದಿ ಮುತ್ತೈದೇರ ಮುಂದ ಹೇಳೇನಿ. ಇಲ್ಲ ಅಂದ್ರ ನಿನ್ನ ಮೊಮ್ಮಗನ ಕಿವಿ ಸೋರತಾವ, ನೀನ ಹತ್ತಿ ಹಿಡಕೊಂಡ ಕುಂದರ್ತಿ."

"ಡಾಕ್ಟರಮ್ಮ ಹೂಂ ಅಂದ್ರ ಹತ್ತು" ಎಂದೆ. ಅವರು ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅಂದುಬಿಟ್ಟರೆ ಏನು ಗತಿ ಎಂದು ಜಮಖಂಡಿಯ ಅವರ ಆಸ್ಪತ್ರೆಗೆ ಹೋಗುವವರೆಗೂ ಚಿಂತೆ.

ಆ ತಿಂಗಳ ತಪಾಸಣೆಗೆ ಬೀಳಗಿ ಅಕ್ಕನೂ ನಮ್ಮ ಜೊತೆ ಬಂದರು. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕುಳಿತರು, ಒಳಗೆ ಬರಲಿಲ್ಲ. ಡಾಕ್ಟರಮ್ಮ ಕೂಸಿನ ಎದೆಬಡಿತ ಕೇಳಿಸಿದರು. ಥೇಟ್ ನಮ್ಮ ಹಿತ್ತಲ ಮಗ್ಗ. ನಾನು ವಿಷಯ ತೆಗೆದೆ.

"ಯಾವುದೂ ಬ್ಯಾಡ್ರಿ" ಎಂದರು ಡಾಕ್ಟರಮ್ಮ, ಬರೆಯುತ್ತಲೇ. "ಆ ದೋಣಿ, ಆ ಗರಗರ ತಿರಗೂ ಕುರ್ಚಿ, ಅವಂತೂ ಹೆಸರ ತಗೀಬ್ಯಾಡ್ರಿ."

"ತೊಟ್ಟಿಲ ಮೆಲ್ಲಕ ತಿರಗತೈತ್ರಿ ಮೇಡಂ" ಎಂದಳು ಮಗಳು.

"ತಿರಗೂದು ಮೆಲ್ಲಕ. ನಿಂದ್ರಸೂದು? ಹತ್ತೂವಾಗ ಇಳಿಯೂವಾಗ ಝಟಕಾ ಹೊಡಿತೈತಿ. ಹಂಗ ಒಮ್ಮಿಂದೊಮ್ಮೆ ಜಗ್ಗಿದ್ರ ಕೂಸಿಗೆ ರಕ್ತ ಕೊಡೂ ಮಾಸು ಗರ್ಭದ ಗ್ವಾಡಿ ಬಿಟ್ಟು ಕಳಚಬಹುದು. ಎಲ್ಲಾರಿಗೂ ಆಗತೈತಿ ಅನ್ನಂಗಿಲ್ಲ. ಆದ್ರ ಬಸುರೇರನ್ನ ಕೂಡಿಸಿ ಯಾರೂ ಪರೀಕ್ಷಾ ಮಾಡಿ ನೋಡಿಲ್ಲ, ಎಷ್ಟ ಝಟಕಾ ತಡೀತೈತಿ ಅಂತ. ಗೊತ್ತಿಲ್ಲದ್ದಕ್ಕ ಯಾಕ ಕೂಡಬೇಕು? ಹಡದ ಮ್ಯಾಲ ದಿನಾ ಹತ್ತು."

"ಹಿಂದಕ ನಮ್ಮ ಮನ್ಯಾಗ ಒಬ್ಬರಿಗೆ ಹಂಗ ಆಗಿತ್ರಿ" ಎಂದು ನಾನು ತಗ್ಗಿದ ದನಿಯಲ್ಲಿ ಹೇಳಿದೆ. "ತೊಟ್ಟಿಲ ಹತ್ತಿದ್ರು."

ಡಾಕ್ಟರಮ್ಮ ತಲೆಯೆತ್ತಿದರು. "ಅದರಿಂದಾನ ಆತು ಅಂತ ಯಾರ ಹೇಳಿದ್ರು?"

ಯಾರು ಹೇಳಿದರು? ಎಲ್ಲರೂ ಹೇಳಿದ್ದರು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡರು, ತೆಗೆಯಲಿಲ್ಲ ಎಂಬುದನ್ನು ಮಾತ್ರ ಗಮನಿಸಿದೆ.

ಮಗಳು ಹೊರಗೆ ಬಂದವಳು ಬೆಂಚಿನ ಮೇಲೆ ಕುಳಿತು ಗಲ್ಲ ಉಬ್ಬಿಸಿದಳು. "ಹತ್ತಂಗಿಲ್ಲ ಬಿಡ್ರಿ. ನೋಡಾಕರ ಹೋಗೂಣು." ನೋಡುವುದಕ್ಕೆ ಇಲ್ಲವೆನ್ನಲು ನನ್ನ ಹತ್ತಿರ ಡಾಕ್ಟರ ಸಾಕ್ಷಿ ಇರಲಿಲ್ಲ.

ಎಕ್ಸಿಬಿಶನ್ನಿನ ಕಮಾನಿನ ಮೇಲೆ ಅಮ್ಯೂಸ್‌ಮೆಂಟ್ ಪಾರ್ಕ್ ಎಂದು ಬರೆದಿತ್ತು. ಒಳಗೆ ದೀಪ ಆಗತಾನೇ ಹಚ್ಚಿದ್ದರು, ಹಗಲ ಬೆಳಕು ಇನ್ನೂ ಹೋಗಿರದೆ ಎರಡೂ ಪೇಲವವಾಗಿ ಕಾಣುತ್ತಿದ್ದವು. ಮಿರ್ಚಿಯ ಎಣ್ಣೆ, ಡೀಸೆಲ್ಲಿನ ಹೊಗೆ. ತೊಟ್ಟಿಲ ಹತ್ತಿರ ತಗಡಿನ ಬೋರ್ಡು: ಹೃದಯರೋಗಿಗಳು, ಗರ್ಭಿಣಿಯರು, ಮದ್ಯ ಸೇವಿಸಿದವರು ಹತ್ತಬಾರದು.

"ನೋಡ ಬೇ, ನನ್ನ ಕುಡುಕರ ಸಾಲಿನ್ಯಾಗ ನಿಂದ್ರಿಸ್ಯಾರ" ಎಂದಳು ಮಗಳು. ನಕ್ಕಳು. ಆದರೆ ತಲೆ ಹಿಂದಕ್ಕೆ ಬಾಗಿಸಿ ತೊಟ್ಟಿಲ ತುದಿಯನ್ನು ನೋಡುತ್ತ ನಿಂತವಳ ಕಣ್ಣು ತುಂಬಿದ್ದವು. ಬಸುರಿಯರ ಕಣ್ಣು ಸುಮ್ಮಸುಮ್ಮನೆ ತುಂಬುತ್ತವೆ. ನನಗೆ ಮಾತ್ರ ಎರಡೂ ಕಿವಿ ಸೋರುವ ಕೂಸು ಕಣ್ಣಿಗೆ ಕಟ್ಟಿತು. ನಂಬುವುದಿಲ್ಲ ಎಂದೆನಲ್ಲ.

ಬೀಳಗಿ ಅಕ್ಕ ಅಲ್ಲಿಯವರೆಗೆ ತೊಟ್ಟಿಲ ಕಡೆ ಬೆನ್ನು ಮಾಡಿ ನಿಂತಿದ್ದರು. ತಿರುಗಿದರು.

"ನಿನ್ನ ಬಯಕಿ ನಾ ಹತ್ತತೀನಿ" ಎಂದರು ಮಗಳಿಗೆ. "ತಿನಬಾರದ್ದು ಬಯಸಿದ್ರ ಮನ್ಯಾಗ ಮತ್ತೊಬ್ಬರು ಆಕಿ ಹೆಸರಲೆ ತಿಂತಾರಿಲ್ಲೋ? ಹಂಗ. ನೀ ಕೆಳಗ ನಿಂತ ನೋಡು. ಕಣ್ಣಲೆ ನೀನೂ ಹತ್ತಿಧಂಗ."

"ಅತ್ತಿ, ನೀವ?" ಎಂದಳು ಮಗಳು.

"ಒಬ್ಬಾಕಿ ಹೆಂಗ ಹತ್ತಲಿ. ನಿಮ್ಮವ್ವ ಬರತಾಳ."

"ನಮ್ಮವ್ವ!" ಮಗಳ ದುಃಖ ಅಲ್ಲಿಗೇ ಮಾಯವಾಯಿತು. "ಕುರ್ಚಿ ಮ್ಯಾಲ ನಿಂತ ಜ್ವಾಳದ ಡಬ್ಬಿ ತಗ್ಯಾಕನೂ ಅಂಜತಾಳ ಆಕಿ!"

ಈ ಮಾತಿಗೆ ಹತ್ತಿದೆ ಎಂದರೆ ಸುಳ್ಳು. ಬೀಳಗಿ ಅಕ್ಕ ನನ್ನ ಮುಂಗೈ ಹಿಡಿದಿದ್ದರು, ಆ ಹಿಡಿತ ಕೇಳುವ ಹಿಡಿತವಾಗಿರಲಿಲ್ಲ. ಮಗಳು ಒಂದು ಕುರ್ಚಿ ಸಂಪಾದಿಸಿ, ಬೋರ್ಡಿನ ಪಕ್ಕ ಕುಳಿತು, ಮಡಿಲಲ್ಲಿ ನಾವು ತಿಂದು ಉಳಿದ ಮಿರ್ಚಿಯ ಪೊಟ್ಟಣ ಇಟ್ಟುಕೊಂಡು, ಮೊಬೈಲು ಎತ್ತಿ ಹಿಡಿದಳು. "ನಗ್ರಿ ಇಬ್ರೂ! ಫಾಶಿಗೆ ಹೊಂಟವರಗತೆ ಮಾಡಬ್ಯಾಡ್ರಿ!"

ಪೆಟ್ಟಿಗೆಯೊಳಗೆ ಕುಳಿತೆವು. ತೊಟ್ಟಿಲು ತಿರುಗಿಸುವ ಹುಡುಗರು ಅಡ್ಡಗಂಬಿ ಹಾಕಿದರು, ನಾನು ಮೂರು ಸಲ ಜಗ್ಗಿ ನೋಡಿದೆ. ಮೊದಲು ನೆಲ ಹಿಂದಕ್ಕೆ ಹೋಯಿತು, ಆಮೇಲೆ ಕೆಳಕ್ಕೆ ಹೋಯಿತು. ಮಗಳು ಒಂದು ಹಸಿರು ಚುಕ್ಕಿಯಾದಳು. ಆ ಚುಕ್ಕಿಯನ್ನು ಬಿಟ್ಟು ಬೇರೆಡೆ ನೋಡಿದರೆ ಅದು ಎದ್ದು ಬಂದು ಕೆಳಗಿನ ಪೆಟ್ಟಿಗೆ ಹತ್ತಿಬಿಡುತ್ತದೆ ಎಂದು ಕಣ್ಣು ಕೀಳಲಿಲ್ಲ. ಒಂದು ಸುತ್ತು ಮುಗಿಯಿತು, ಇನ್ನೊಂದು. ಆಮೇಲೆ ಕೆಳಗೆ ಜನ ಇಳಿಸಲು ಮೋಟರು ಬಂದ್ ಮಾಡಿದರು. ನಾವು ತುದಿಯಲ್ಲಿದ್ದೆವು.

ಡಾಕ್ಟರಮ್ಮ ಹೇಳಿದ ಝಟಕಾ ಅದು. ಪೆಟ್ಟಿಗೆ ಮುಂದಕ್ಕೆ ಹಿಂದಕ್ಕೆ ತೂಗಿ ತೂಗಿ ನಿಧಾನವಾಯಿತು. ಕೆಳಗಿನ ಸದ್ದೆಲ್ಲ ಒಂದು ಕೊಡದೊಳಗೆ ಹೋದಂತೆ ದೂರವಾಯಿತು. ಎದುರಿನ ಕೆಲವು ಪೆಟ್ಟಿಗೆಗಳು ಖಾಲಿ ಇದ್ದವು, ಅವೂ ತೂಗುತ್ತಿದ್ದವು.

"ನಾ ಹತ್ತೇ ಇರಲಿಲ್ಲ ನೋಡವಾ" ಎಂದರು ಬೀಳಗಿ ಅಕ್ಕ.

"ಏನ್ರಿ ಅಕ್ಕಾರ?"

"ತೊಟ್ಟಿಲ. ಆ ವರ್ಷ. ಹತ್ತೂಣು ಅಂತ ಭಾಳ ಗಂಟ ಬಿದ್ದಿದ್ದೆ. ನಮ್ಮವರು ಒಲ್ಲೆ ಅಂದ್ರು. ಮಿರ್ಚಿ ತಿಂದ್ವಿ, ಬಸ್ಸಿಗೆ ಮನಿಗಿ ಹ್ವಾದ್ವಿ." ಅವರು ದೂರದ ಕಾರ್ಖಾನೆಯ ಹೊಗೆ ನೋಡುತ್ತ ಮಾತಾಡುತ್ತಿದ್ದರು. "ಇವತ್ತ ನೋಡಾಕತ್ತೇನಿ, ಮ್ಯಾಲಿಂದ ಹೆಂಗ ಕಾಣತೈತಿ ಅಂತ."

ನನ್ನ ಕೈ ಕಂಬಿಯ ಮೇಲೇ ಇತ್ತು. "ಮತ್ತ ಎಲ್ಲಾರೂ..."

"ಕೂಸು ಹೋದ ಮ್ಯಾಲ ಅವ್ವ ದಿನಾ ಕೇಳಾಕಿ. ಏನ ತಿಂದಿ, ಏನ ಎತ್ತಿದಿ, ಎಲ್ಲಿ ಎಡವಿದಿ. ಓಣ್ಯಾಗಿನವರೂ ಬಂದ ಬಂದ ಕೇಳವರು. ರಾತ್ರಿ ನನ್ನ ನಾನ ಕೇಳಕೊಳ್ಳಾಕಿ. ಏನೂ ಮಾಡಿದ್ದಿಲ್ಲ ನಾ. ಏನೂ ಮಾಡಿಲ್ಲ ಅಂದ್ರ ಯಾರೂ ಒಪ್ಪವೊಲ್ಲರು. ಒಂದಿನ ಬ್ಯಾಸತ್ತು, ತೊಟ್ಟಿಲ ಹತ್ತಿದ್ದೆ ಅಂದ್ಬಿಟ್ಟೆ. ಅವತ್ತಿಗೆ ಎಲ್ಲಾರೂ ಕೇಳೂದ ಬಿಟ್ರು."

"ಅಣ್ಣಾರು?" ಅವರ ಗಂಡನನ್ನು ನಾನು ಹಾಗೆ ಕರೆಯುತ್ತಿದ್ದೆ. ಅವರು ತೀರಿಕೊಳ್ಳುವವರೆಗೂ ನನ್ನ ಅತ್ತೆ ಅವರನ್ನು ಮುಖ ಕೊಟ್ಟು ಮಾತಾಡಿಸಲಿಲ್ಲ. ಬಸುರಿ ಹೆಂಡತಿಯನ್ನು ಹತ್ತಿಸಿದವನು ಎಂದು.

"ಅವರಿಗೆ ಗೊತ್ತಿತ್ತು. ಅಂದವರ ಮಾತೆಲ್ಲಾ ಅನಸ್ಕೊಂಡ್ರು. ಹೋಗ್ಲಿ ಬಿಡು, ನಿನಗ ಹಗುರ ಆಗತೈತಿ ಅಂದ್ರ ಅಂದ್ಕೊಳ್ಳಿ ಅಂದ್ರು." ಸೆರಗು ಸರಿಮಾಡಿಕೊಂಡು, "ಸುಮ್ಮಸುಮ್ಮನ ಹೋತು ಅನ್ನೂದಕ್ಕಿಂತ ಹಗುರ ಇತ್ತು ನೋಡವಾ, ಖರೇನ" ಎಂದರು.

ಅಲ್ಲಿ, ಆ ಎತ್ತರದಲ್ಲಿ, ನನಗೆ ಬಿದ್ದುಹೋಗುವ ಹೆದರಿಕೆ ಇರಲಿಲ್ಲ. ಬೇರೊಂದು ತಣ್ಣಗಿನ ಹೆದರಿಕೆ ಬೆನ್ನಿಗೆ ಬಂದು ಕುಳಿತುಕೊಂಡಿತು. ಮೂವತ್ತು ವರ್ಷ ನಮ್ಮ ಮನೆಯಲ್ಲಿ ಆ ತೊಟ್ಟಿಲು ತಿರುಗಿತ್ತು. ನಾನು ಅದನ್ನು ಎಷ್ಟು ಸಲ ಕಂಡಿದ್ದೆ: ಹಸಿರು ಸೀರೆಯ ಹುಡುಗಿ, ಕೈಯಲ್ಲಿ ಕಂಬಿ, ನಗುತ್ತ ಮೇಲೇರುವವಳು. ನನ್ನ ಬಸಿರಿನಲ್ಲಿ ಕಂಡಿದ್ದೆ. ಮಗಳ ಬಸಿರು ಗೊತ್ತಾದಂದಿನಿಂದ ದಿನವೂ ಕಂಡಿದ್ದೆ. ಅದರಲ್ಲಿ ಯಾರೂ ಕುಳಿತೇ ಇರಲಿಲ್ಲ.

"ಏನ ಕೂಸ್ರಿ ಅದು?" ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಹೆಣ್ಣು. ನನಗ ತೋರಿಸಲಿಲ್ಲ. ಬಟ್ಟಿ ಸುತ್ತಿ ಒಯ್ದ್ರು." ಅಕ್ಕ ಮೊದಲ ಬಾರಿ ನನ್ನ ಕಡೆ ತಿರುಗಿದರು. "ಹೆಸರ ಇಟ್ಟಿದ್ದೆ. ಹೊಟ್ಟ್ಯಾಗಿದ್ದಾಗಿಂದ ಆ ಹೆಸರಲೇ ಮಾತಾಡ್ಸಾಕಿ. ಅವರಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನಿನಗ ಹೇಳತೀನಿ. ಒಬ್ಬರ ಕಿವಿಗರ ಬೀಳ್ಲಿ."

ನಮ್ಮಲ್ಲಿ ಕೂಸಿಗೆ ಹೆಸರಿಡುವಾಗ ಸೋದರತ್ತೆ ಅದರ ಕಿವಿಯ ಹತ್ತಿರ ಬಾಗಿ, ಸುತ್ತ ಇದ್ದವರಿಗೆ ಕೇಳದಂತೆ ಮೊದಲು ಅದಕ್ಕೇ ಹೇಳುತ್ತಾಳೆ. ಅಕ್ಕ ಹಾಗೆಯೇ ಬಾಗಿದರು. ಅವರ ಉಸಿರು ನನ್ನ ಕಿವಿಗೆ ತಾಗಿತು, ಮಿರ್ಚಿಯ ಉಸಿರು, ಬೆಚ್ಚಗೆ. ತುಟಿ ಅಲುಗಿದವು.

ಕೆಳಗೆ ಮೋಟರು ಚಾಲೂ ಆಯಿತು. ಕಬ್ಬಿಣವೆಲ್ಲ ಒಮ್ಮೆಗೇ ಕಿರುಚಿತು, ಪೆಟ್ಟಿಗೆ ಜಗ್ಗಿತು, ಎದುರಿನ ಹುಡುಗಿಯರು ಕೇಕೆ ಹಾಕಿದರು.

"ಏನಂದ್ರಿ ಅಕ್ಕಾರ?" ಎಂದು ಚೀರಿದೆ. "ಕೇಳ್ಸಲಿಲ್ರಿ!"

ಅವರು ನೆಟ್ಟಗೆ ಕುಳಿತಿದ್ದರು. ಮುಖ ತೊಳೆದಂತಾಗಿತ್ತು. ಹೇಳಿ ಮುಗಿಸಿದವರ ಮುಖ.

ಇಳಿದೆವು. ಮಗಳು ಮಿರ್ಚಿ ಮುಗಿಸಿದ್ದಳು, ವಿಡಿಯೊದಲ್ಲಿ ನನ್ನ ಬಾಯಿ ತೆರೆದದ್ದನ್ನು ತೋರಿಸಿ ಹೊಟ್ಟೆ ಹಿಡಿದು ನಕ್ಕಳು, ಹಾಗೆ ನಗಬೇಡವೆಂದು ನಾನು ಬೈದೆ. ಎರಡು ತಿಂಗಳ ಮೇಲೆ ಅದೇ ಡಾಕ್ಟರಮ್ಮನ ಕೈಯಲ್ಲಿ ಸುಸೂತ್ರವಾಗಿ ಹಡೆದಳು. ಕೂಸಿನ ಕಿವಿ ಒಣಗಿವೆ, ನಾನು ದಿನಾ ನೋಡುತ್ತೇನೆ. ಕಂಬಿ ಕಳಚಲಿಲ್ಲ, ಕರೆಂಟು ಹೋಗಲಿಲ್ಲ, ಸೆರಗು ಸಿಗಲಿಲ್ಲ.

ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ಮಗಳು ನೀರು ತರಲು ಹೋದಾಗ, ಇನ್ನೊಮ್ಮೆ ಕೇಳಿದೆ. "ಅಕ್ಕಾರ, ಮ್ಯಾಲ ಒಂದ ಹೆಸರ ಹೇಳಿದ್ರೆಲ್ಲ."

"ಹೇಳಿದ್ನೆಲ್ಲ" ಎಂದರು ಬೀಳಗಿ ಅಕ್ಕ. ಅವರು ನನ್ನ ಕಡೆ ನೋಡಿದ ರೀತಿಯಲ್ಲಿ ನಂಬಿಕೆ ಎಷ್ಟಿತ್ತೆಂದರೆ, ಕೇಳಿಸಲಿಲ್ಲ ಎಂದು ಎರಡನೇ ಸಲ ಹೇಳಲು ನನಗೆ ಬಾಯಿ ಬರಲಿಲ್ಲ. ಹೂಂ ಅಂದೆ.